ಹಬೆಯ ಯಂತ್ರದಲ್ಲಿ ಒಡವೆ ಮತ್ತು ಕೈಗಡಿಯಾರ ತೊಳೆಯುವುದು: ಯಾವುದನ್ನು ಕೊಡಬಹುದು, ಯಾವುದನ್ನು ಕೊಡಬಾರದು?

ಪ್ರಶ್ನೆ | ಠಾಣೆಯ ಧಾರವಾಡದವರು

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಈಗ ಠಾಣೆಯಲ್ಲಿ ನೆಲೆಸಿದ್ದೇವೆ. ಬರುವ ಮಾರ್ಗಶಿರ ಮಾಸದಲ್ಲಿ ಊರಿನಲ್ಲಿ ನಾದಿನಿಯ ಮದುವೆ ಇರುವುದರಿಂದ ಬ್ಯಾಂಕಿನ ಲಾಕರಿನಲ್ಲಿದ್ದ ಒಡವೆಗಳನ್ನು ಮನೆಗೆ ತಂದಿದ್ದೇವೆ. ಬಹುತೇಕ ಎಲ್ಲವೂ ಮಂಕಾಗಿವೆ. ಹರಳುಗಳ ಹಿಂಬದಿಯಲ್ಲಿ ಅರಿಶಿನ, ಎಣ್ಣೆ, ಸಾಬೂನು ಎಲ್ಲವೂ ಸೇರಿ ಗಟ್ಟಿಯಾದ ಜಿಡ್ಡು ಕುಳಿತಿದೆ.

ನಾವು ಹೋಗುವ ಅಂಗಡಿಯವರು ನನ್ನ ಉಂಗುರವನ್ನು ಒಂದು ಹಬೆಯ ಯಂತ್ರದ ಮುಂದೆ ಹಿಡಿದು, ನೋಡುತ್ತಿದ್ದಂತೆಯೇ ಹೊಸದರಂತೆ ಮಾಡಿ ಕೊಟ್ಟರು. ಅದನ್ನು ಕಂಡ ನಮ್ಮ ಯಜಮಾನರು, ಅಂಥದೇ ಒಂದು ಚಿಕ್ಕ ಯಂತ್ರವನ್ನು ತರಿಸಿಕೊಂಡು ಎಲ್ಲ ಒಡವೆಗಳನ್ನೂ ಕೈಗಡಿಯಾರಗಳನ್ನೂ ಮನೆಯಲ್ಲಿಯೇ ತೊಳೆದುಕೊಳ್ಳೋಣ ಎನ್ನುತ್ತಿದ್ದಾರೆ. ಅತ್ತೆಯವರಿಗೆ ಇದು ಒಪ್ಪಿಗೆಯಿಲ್ಲ. ಅಂಟುವಾಳದ ನೊರೆಯಲ್ಲಿ ನೆನೆಸಿ ಮೆತ್ತಗಿನ ಬ್ರಷ್ಷಿನಿಂದ ತಿಕ್ಕಿದರೆ ಸಾಕು, ಅಷ್ಟು ಬಿಸಿಯ ಹಬೆಗೆ ಒಡ್ಡಿದರೆ ಚಿನ್ನ ಸವೆಯುತ್ತದೆ ಎಂಬುದು ಅವರ ವಾದ.

ನಮ್ಮಲ್ಲಿರುವುದು ಇಷ್ಟು: ಅತ್ತೆಯವರ ಬೋರಮಾಳ, ಮುತ್ತಿನ ನತ್ತು, ಕೆಂಪಿನ ಹಳೆಯ ಪದಕ, ನನ್ನ ಕರಿಮಣಿ ಸರ, ವಜ್ರದ ಬೆಂಡೋಲೆ, ಯಜಮಾನರ ನವರತ್ನದ ಉಂಗುರ, ಕೆಲವು ಬೆಳ್ಳಿಯ ಸಾಮಾನುಗಳು. ಕೈಗಡಿಯಾರಗಳು ಎರಡು. ಒಂದು ಉಕ್ಕಿನ ಪಟ್ಟಿಯ ಬ್ಯಾಟರಿ ಗಡಿಯಾರ. ಅದರ ಹಿಂಬದಿಯಲ್ಲಿ 10 ಬಾರ್ ಎಂದು, ಅಂದರೆ ಎಷ್ಟು ಒತ್ತಡ ತಡೆಯುತ್ತದೆ ಎಂಬ ಅಳತೆ, ಬರೆದಿದೆ. ಇನ್ನೊಂದು ಮಾವನವರ ಕಾಲದ, ಕೀಲಿ ಕೊಡುವ ಎಚ್‌ಎಂಟಿ. ಯಂತ್ರದ ಹಬೆ 4 ಬಾರ್ ಮಾತ್ರ ಎಂದಮೇಲೆ 10 ಬಾರ್ ತಡೆಯುವ ಗಡಿಯಾರಕ್ಕೆ ಅದರಿಂದ ಏನೂ ಆಗದು ಎಂದು ಯಜಮಾನರ ಲೆಕ್ಕ. ಈ ಲೆಕ್ಕ ಸರಿಯೇ? ಅತ್ತೆಯವರ ಮಾತು ಸರಿಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ | ಕಾಳಬಾದೇವಿ ಅಕ್ಕಸಾಲಿ

ನಮಸ್ಕಾರ. ನಮ್ಮದು ಹೊನ್ನಾವರದ ಕಡೆಯ ಅಕ್ಕಸಾಲಿ ಮನೆತನ. ಝವೇರಿ ಬಜಾರಿನಲ್ಲಿ ಒಡವೆಗಳಿಗೆ ಕೊನೆಯ ಹೊಳಪು ಕೊಡುವ ಕೆಲಸ ನನ್ನದು. ಹಬೆಯ ಯಂತ್ರ ನಮಗೆ ದಿನನಿತ್ಯದ ಸಾಧನ.

ಮೊದಲು ಅತ್ತೆಯವರ ಸಂಶಯವನ್ನು ತೆಗೆದುಕೊಳ್ಳುತ್ತೇನೆ. ಹಬೆಯಿಂದ ಚಿನ್ನ ಸವೆಯುವುದಿಲ್ಲ. ಮನೆಯ ಕುಕ್ಕರಿನಲ್ಲಿ ವಾತಾವರಣದ ಒತ್ತಡದ ಮೇಲೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡವಿದ್ದು, ನೀರು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತದೆ. ನಮ್ಮ ಯಂತ್ರಗಳಲ್ಲಿ ಸಾಮಾನ್ಯವಾಗಿ 3ರಿಂದ 5 ಬಾರ್ ಇರುತ್ತದೆ. ಆಗ ಪಾತ್ರೆಯೊಳಗಿನ ಹಬೆಯ ಉಷ್ಣತೆ ಸುಮಾರು 143ರಿಂದ 159 ಡಿಗ್ರಿ. ಶುದ್ಧ ಚಿನ್ನ ಕರಗುವುದು 1064 ಡಿಗ್ರಿಯಲ್ಲಿ; 22 ಕ್ಯಾರಟ್ ಮಿಶ್ರಲೋಹ ಅದಕ್ಕಿಂತ ಸ್ವಲ್ಪ ಕೆಳಗೆ ಕರಗಬಹುದು, ಆದರೂ ಹಬೆಯ ಶಾಖ ಅದರ ಹತ್ತಿರಕ್ಕೂ ಬರುವುದಿಲ್ಲ. ಮೂತಿಯಿಂದ ಹೊರಬಿದ್ದ ಹಬೆ ಹಿಗ್ಗಿ, ಗಾಳಿಯೊಡನೆ ಬೆರೆತು ಇನ್ನಷ್ಟು ತಣ್ಣಗಾಗುತ್ತದೆ. ಅದು ಮಾಡುವ ಕೆಲಸವೆಂದರೆ ಜಿಡ್ಡನ್ನೂ ಪಾಲಿಶ್ ಮೇಣವನ್ನೂ ಕರಗಿಸಿ, ಬ್ರಷ್ಷಿನ ಕೂದಲು ಹೋಗಲಾರದ ಸಂದಿಯಿಂದ ರಭಸದಿಂದ ಹೊರಕ್ಕೆ ತಳ್ಳುವುದು, ಅಷ್ಟೇ. ಚಿನ್ನ ನಿಜವಾಗಿ ಸವೆಯುವುದು ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡುವಾಗ. ಆದುದರಿಂದ ಅಂಗಡಿಗೆ ಕೊಡುವಾಗ “ಹಬೆ ಸಾಕು, ಪಾಲಿಶ್ ಬೇಡ” ಎಂದು ಸ್ಪಷ್ಟವಾಗಿ ಹೇಳಿ. ಹಲವು ಕಡೆ ಗ್ರಾಹಕರಿಗೆ ಸಂತೋಷವಾಗಲೆಂದು ಕೇಳದೆಯೇ ಚಕ್ರಕ್ಕೆ ಹಿಡಿಯುತ್ತಾರೆ. ಹಳೆಯ ಒಡವೆಯ ಕೆತ್ತನೆಯ ಅಂಚು ಹೀಗೆಯೇ ಮೊಂಡಾಗುವುದು.

ಆದರೆ ಒಡವೆ ಎಂದರೆ ಬರಿಯ ಚಿನ್ನವಲ್ಲ, ಅಪಾಯವಿರುವುದು ಅಲ್ಲಿ. ನಿಮ್ಮ ಪಟ್ಟಿಯಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಬೋರಮಾಳ. ಹಳೆಯ ಬೋರಮಾಳದ ಗುಂಡುಗಳು ಬಹುಪಾಲು ತೆಳುವಾದ ಚಿನ್ನದ ತಗಡಿನಿಂದ ಮಾಡಿ ಒಳಗೆ ಅರಗು ತುಂಬಿದಂಥವು. ತಗಡು ಚಪ್ಪಟೆಯಾಗದಂತೆ ಒಳಗಿನಿಂದ ಆಧಾರ ಕೊಡುವುದು ಆ ಅರಗೇ. ಕೊಲ್ಹಾಪುರಿ ಸಾಜ್ ಎಂಬ ಸರದಲ್ಲೂ ಇದೇ ಪದ್ಧತಿ ಇದೆ. ಅರಗು 75 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಹಬೆಯ ಮುಂದೆ ಹಿಡಿದರೆ ಅದು ದಾರದ ರಂಧ್ರದಿಂದ ಹೊರಗೆ ಇಣುಕುತ್ತದೆ. ಬಳಿಕ ಗುಂಡು ಒಳಗೆ ಪೊಳ್ಳಾಗಿ, ಬೆರಳಿನ ಒತ್ತಡಕ್ಕೇ ತಗ್ಗು ಬೀಳುತ್ತದೆ. ಅದನ್ನು ಸರಿಪಡಿಸಬಲ್ಲ ಕೈಗಳು ಮುಂಬಯಿಯಲ್ಲಿ ಈಗ ಕಡಿಮೆಯಾಗಿವೆ. ಅರಗು ಇದೆಯೇ ಇಲ್ಲವೇ ಎಂದು ತಿಳಿಯಲು ಹಳೆಯ ರಸೀದಿ ಸಿಕ್ಕರೆ ನೋಡಿ: ಒಟ್ಟು ತೂಕಕ್ಕೂ ನಿವ್ವಳ ತೂಕಕ್ಕೂ ಎದ್ದುಕಾಣುವ ಅಂತರವಿದ್ದರೆ ಒಳಗೆ ಚಿನ್ನವಲ್ಲದ ಏನೋ ಇದೆ ಎಂದರ್ಥ. ರಸೀದಿ ಇಲ್ಲದಿದ್ದರೆ ರಂಧ್ರದ ಬಾಯಲ್ಲಿ ಕಂದು ಅಥವಾ ಕಪ್ಪು ಬಣ್ಣದ ಅಂಚು ಕಾಣುತ್ತದೆಯೇ ಎಂದು ಭೂತಗನ್ನಡಿಯಿಂದ ನೋಡಬಹುದು. ಸಂದೇಹವಿದ್ದರೆ ಅರಗಿದೆ ಎಂದೇ ಭಾವಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದಕ್ಕಿಂತ ಹೆಚ್ಚಿನದೇನೂ ಬೇಡ. ಅಂಟುವಾಳದ ನೀರಿನಲ್ಲಿ ಗಂಟೆಗಟ್ಟಲೆ ನೆನೆಸುವುದೂ ಇಂಥ ಸರಕ್ಕೆ ತರವಲ್ಲ. ನೀರು ದಾರದ ಮೂಲಕ ಗುಂಡಿನೊಳಗೆ ಸೇರುತ್ತದೆ.

ಕೆಂಪಿನ ಪದಕದ ಹಿಂಬದಿಯನ್ನು ತಿರುಗಿಸಿ ನೋಡಿ. ಹಿಂಭಾಗ ಚಿನ್ನದ ತಗಡಿನಿಂದ ಪೂರ್ತಿ ಮುಚ್ಚಿದ್ದರೆ, ಹರಳಿನ ಕೆಳಗೆ ಹೊಳಪಿನ ತೆಳು ಹಾಳೆಯನ್ನಿಟ್ಟು ಅರಗು ಅಥವಾ ಮೇಣದಲ್ಲಿ ಕೂರಿಸಿರುವ ಸಾಧ್ಯತೆ ಹೆಚ್ಚು. ಒಳಗೆ ಹಬೆ ಹೊಕ್ಕರೆ ಆ ಹಾಳೆ ಕಪ್ಪಾಗಿ, ಹರಳು ಸತ್ತಂತೆ ಕಾಣುತ್ತದೆ. ಕುಂದಣದ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹಿಂಬದಿ ತೆರೆದಿರುವ ವಜ್ರದ ಬೆಂಡೋಲೆಗೆ ಮಾತ್ರ ಹಬೆಯಂಥ ಉಪಾಯ ಇನ್ನೊಂದಿಲ್ಲ. ವಜ್ರಕ್ಕೆ ನೀರು ಹತ್ತುವುದಿಲ್ಲ, ಜಿಡ್ಡು ಬಿಡದೆ ಹತ್ತುತ್ತದೆ; ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಅದಿರಿನಿಂದ ವಜ್ರವನ್ನು ಬೇರ್ಪಡಿಸಲು ಗ್ರೀಸು ಸವರಿದ ಹಲಗೆಗಳನ್ನು ಬಳಸುತ್ತಿದ್ದುದು ಈ ಗುಣದಿಂದಲೇ. ಕಿವಿಯೋಲೆ ಮಂಕಾಗುವುದು ಮುಂಭಾಗದ ಕೊಳೆಯಿಂದಲ್ಲ, ಹರಳಿನ ಕೆಳಮೈಗೆ ಅಂಟಿದ ಎಣ್ಣೆಯಿಂದ. ಹಬೆಯನ್ನು ಹಿಂಬದಿಯಿಂದಲೇ ಬಿಡಬೇಕು. ಅದಕ್ಕೂ ಮೊದಲು ಪ್ರತಿಯೊಂದು ಹರಳಿನ ಕಟ್ಟು ಬಿಗಿಯಾಗಿದೆಯೇ ಎಂದು ಸೂಜಿಯ ಮೊನೆಯಿಂದ ಮುಟ್ಟಿ ನೋಡುವುದು ಕಡ್ಡಾಯ, ಏಕೆಂದರೆ ಸಡಿಲವಾದ ಹರಳನ್ನು ಅಲ್ಲಿಯವರೆಗೆ ಹಿಡಿದಿಟ್ಟಿರುವುದು ಎಷ್ಟೋ ಸಲ ಆ ಕೊಳೆಯೇ ಆಗಿರುತ್ತದೆ. ನಾವು ಜಾಲರಿ ಹಾಕಿದ ತಟ್ಟೆಯ ಮೇಲೆ, ಮೋರಿಯ ಬಾಯಿ ಮುಚ್ಚಿಯೇ ಕೆಲಸ ಮಾಡುತ್ತೇವೆ.

ಕರಿಮಣಿ ಸರ ದಾರದಲ್ಲಿ ಪೋಣಿಸಿದ್ದಾದರೆ ಹಬೆ ಬೇಡ. ದಾರ ಕುಗ್ಗಿ ನೀರು ಹಿಡಿಯುತ್ತದೆ, ಗಾಜಿನ ಮಣಿಗಳು ಒಮ್ಮೆಲೇ ಬಿಸಿಯಾದರೆ ಬಿರುಕು ಬಿಡಬಹುದು. ತಾಳಿಯ ಬಟ್ಟಲುಗಳನ್ನು ಸರದಿಂದ ಬಿಚ್ಚಿ ಕೊಟ್ಟರೆ ಅವನ್ನು ತೊಳೆಯಬಹುದು, ಅವುಗಳಲ್ಲಿಯೂ ಅರಗಿಲ್ಲದಿದ್ದರೆ. ಮುತ್ತಿನ ನತ್ತನ್ನು ಯಂತ್ರದ ಬಳಿಗೇ ಒಯ್ಯಬೇಡಿ.

ಕೊನೆಯಲ್ಲಿ ಒಂದು ಎಚ್ಚರಿಕೆ. ಮನೆಬಾಗಿಲಿಗೆ ಬಂದು ಒಡವೆಗೆ ಹೊಳಪು ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಅವರ ಬಟ್ಟಲಿನಲ್ಲಿರುವುದು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣವಾದರೆ ನಿಮ್ಮ ಬಳೆಯ ಚಿನ್ನ ಅದರಲ್ಲಿ ಕರಗಿ ಉಳಿಯುತ್ತದೆ, ಅವರು ಬಳಿಕ ಅದನ್ನು ಬೇರ್ಪಡಿಸಿಕೊಳ್ಳುತ್ತಾರೆ. ಬಳೆಯಂತೂ ನಿಮ್ಮ ಕೈಗೆ ಹೊಳೆಯುತ್ತಲೇ ಬರುತ್ತದೆ. ಅತ್ತೆಯವರ ಮನಸ್ಸಿನಲ್ಲಿರುವ ಸವೆತದ ಭಯ ಬಹುಶಃ ಇಂಥ ಸಂಗತಿಗಳಿಂದ ಬಂದದ್ದು, ಆ ಭಯ ಸುಳ್ಳಲ್ಲ. ಅಂಗಡಿಯಲ್ಲಿಯೂ ಕೊಡುವ ಮೊದಲು ಮತ್ತು ಪಡೆದ ಮೇಲೆ ತೂಕ ಮಾಡಿಸಿಕೊಳ್ಳಲು ಸಂಕೋಚಪಡಬೇಡಿ.

ಉತ್ತರ | ಪುಣೆ ಗಡಿಯಾರ ರಿಪೇರಿ

ಒಡವೆಗಳ ವಿಷಯದಲ್ಲಿ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಗಡಿಯಾರದ ಲೆಕ್ಕದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ 10ಕ್ಕಿಂತ 4 ಚಿಕ್ಕದು ಎಂಬ ಈ ವಾದವನ್ನು ನಮ್ಮ ಅಂಗಡಿಗೆ ಬರುವವರಿಂದ ಆಗಾಗ ಕೇಳುತ್ತಿರುತ್ತೇನೆ.

10 ಬಾರ್ ಎಂಬುದು 100 ಮೀಟರ್ ಆಳದ ನಿಶ್ಚಲವಾದ ನೀರಿನ ಒತ್ತಡಕ್ಕೆ ಸಮಾನವಾದ ಪರೀಕ್ಷೆ. ನೀರುನಿರೋಧಕ ಗಡಿಯಾರಗಳಿಗೆ ಅನ್ವಯಿಸುವ ಐಎಸ್‌ಒ 22810 ಮಾನದಂಡದ ಆ ಪರೀಕ್ಷೆ ನಡೆಯುವುದು ಸಾಧಾರಣ ಉಷ್ಣತೆಯ ನೀರಿನಲ್ಲಿ, ಹೊಸ ಗಡಿಯಾರದ ಹೊಸ ರಬ್ಬರ್ ಬಳೆಗಳ, ಅಂದರೆ ನೀರು ಒಳಗೆ ಹೋಗದಂತೆ ಸಂದಿಗಳಲ್ಲಿ ಕೂರಿಸುವ ರಬ್ಬರ್ ಉಂಗುರಗಳ, ಮೇಲೆ. ಹಬೆಯ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ಹಬೆ ಒಂದೇ ಕಾಲಕ್ಕೆ ಹಲವು ಕಡೆಯಿಂದ ಕೆಲಸ ಮಾಡುತ್ತದೆ. ಕೇಸಿನ ಉಕ್ಕು, ಗಾಜು ಮತ್ತು ರಬ್ಬರ್ ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಆದುದರಿಂದ ಅವುಗಳ ನಡುವಣ ಬಿಗಿತ ಆ ಕ್ಷಣಕ್ಕೆ ಬದಲಾಗುತ್ತದೆ. ಕಿರೀಟದ, ಅಂದರೆ ಕೀಲಿ ತಿರುಪುವ ಗುಂಡಿಯ, ಒಳಗಿನ ರಬ್ಬರ್ ಬಳೆಗೆ ಸವರಿದ ಗ್ರೀಸು ತೆಳುವಾಗಿ ಹರಿದುಹೋಗುತ್ತದೆ. ಕೇಸಿನೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಗಡಿಯಾರ ತಣ್ಣಗಾಗುವಾಗ ಒಳಗೆ ಒತ್ತಡ ಕಡಿಮೆಯಾಗಿ, ಸುತ್ತಲಿರುವ ಒದ್ದೆ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದ್ರವರೂಪದ ನೀರನ್ನು ತಡೆಯುವ ರಬ್ಬರ್ ಆವಿಯನ್ನು ಅಷ್ಟೇ ಸಮರ್ಥವಾಗಿ ತಡೆಯಲಾರದು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಬ್ಯಾಟರಿ ಗಡಿಯಾರಗಳಲ್ಲಿರುವ ಸಿಲ್ವರ್ ಆಕ್ಸೈಡ್ ಕೋಶಕ್ಕೆ ತಯಾರಕರು ಸಾಮಾನ್ಯವಾಗಿ ಹೇಳುವ ಮೇಲಿನ ಮಿತಿ 60 ಡಿಗ್ರಿ. ಬಿಸಿನೀರಿನ ಸ್ನಾನಕ್ಕೂ ಗಡಿಯಾರ ಕಟ್ಟಿಕೊಂಡು ಹೋಗಬೇಡಿ ಎಂದು ನಾವು ಹೇಳುವುದು ಇವೇ ಕಾರಣಗಳಿಗಾಗಿ. ಹಬೆಯಂತೂ ಇನ್ನೂ ದೂರದ ಮಾತು.

ಹಾಗಾದರೆ ಗಡಿಯಾರದ ಕಾರ್ಖಾನೆಗಳಲ್ಲೂ ಸೇವಾಕೇಂದ್ರಗಳಲ್ಲೂ ಹಬೆಯ ಯಂತ್ರ ಏಕಿರುತ್ತದೆ ಎಂದು ಕೇಳಬಹುದು. ಅಲ್ಲಿ ಹಬೆಯ ಮುಂದೆ ಬರುವುದು ಗಡಿಯಾರವಲ್ಲ, ಬರಿಯ ಚಿಪ್ಪು. ಗಡಿಯಾರದೊಳಗಿನ ಯಂತ್ರವನ್ನೂ ಡಯಲನ್ನೂ ಮುಳ್ಳುಗಳನ್ನೂ ಹೊರತೆಗೆದು, ಗಾಜು, ಕಿರೀಟ, ಗುಂಡಿಗಳು ಮತ್ತು ರಬ್ಬರ್ ಬಳೆಗಳನ್ನು ಕಳಚಿದ ಮೇಲೆ ಉಳಿಯುವ ಲೋಹದ ಕೇಸನ್ನು ಶಬ್ದತರಂಗಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, ಕೊನೆಗೆ ಹಬೆ ಹಾಯಿಸುತ್ತಾರೆ. ಕೇಸು ಬಿಸಿಯಾಗುವುದರಿಂದ ಅದರ ಮೇಲಿನ ನೀರು ತಾನಾಗಿಯೇ ಆರಿಹೋಗಿ ಕಲೆ ಉಳಿಯುವುದಿಲ್ಲ. ಮತ್ತೆ ಜೋಡಿಸುವಾಗ ಹೊಸ ರಬ್ಬರ್ ಬಳೆಗಳನ್ನು ಸಿಲಿಕೋನ್ ಗ್ರೀಸು ಸವರಿ ಕೂರಿಸಿ, ಒತ್ತಡದ ಪರೀಕ್ಷೆ ಮಾಡುತ್ತಾರೆ. ಇಷ್ಟೆಲ್ಲ ಮಾಡುವ ಸೌಲಭ್ಯವಿಲ್ಲದ ಕಡೆ ಹಬೆಯ ಮಾತೇ ಎತ್ತಬಾರದು.

ನಿಮ್ಮ ಉಕ್ಕಿನ ಪಟ್ಟಿಯನ್ನು ಮಾತ್ರ ಹಬೆಗೆ ಧಾರಾಳವಾಗಿ ಒಡ್ಡಬಹುದು, ಗಡಿಯಾರದಿಂದ ಬಿಚ್ಚಿದ ಮೇಲೆ. ಕೊಂಡಿಗಳ ನಡುವೆ ಸೇರುವ ಬೆವರು, ಚರ್ಮದ ಜಿಡ್ಡು ಮತ್ತು ಧೂಳು ಸೇರಿ ಅರೆಯುವ ಹಿಟ್ಟಿನಂತಾಗಿ ಪಿನ್ನುಗಳನ್ನು ಸವೆಸುತ್ತದೆ. ಹಳೆಯ ಪಟ್ಟಿಗಳು ಜೋಲುವುದು ಹೀಗೆ. ಮುಂಬಯಿಯ ಮಳೆಗಾಲದಲ್ಲಂತೂ ಪಟ್ಟಿ ಒಣಗುವುದೇ ಇಲ್ಲ. ಪಟ್ಟಿಯನ್ನು ಸಾಬೂನು ನೀರಿನಲ್ಲಿ ನೆನೆಸಿಟ್ಟು, ಒಳಮೈಯಿಂದ ಹೊರಕ್ಕೆ ಹಬೆ ಬಿಡಬೇಕು. ಮೊದಲು ಕಪ್ಪು ನೀರು ಬರುತ್ತದೆ, ತಿಳಿಯಾಗುವವರೆಗೆ ಬಿಟ್ಟರೆ ಸಾಕು. ತೆಳುವಾದ ಚಿನ್ನದ ಲೇಪವಿರುವ ಅಗ್ಗದ ಪಟ್ಟಿಗೂ ಚರ್ಮದ ಪಟ್ಟಿಗೂ ಇದು ಸಲ್ಲದು.

ಎಚ್‌ಎಂಟಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಗಡಿಯಾರ ಕಾರ್ಖಾನೆ ಈಗಿಲ್ಲ; 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆದ್ದರಿಂದ ಒಳ್ಳೆಯ ಸ್ಥಿತಿಯಲ್ಲಿರುವ ಮೂಲ ಡಯಲು, ಮೂಲ ಕೇಸು ಇವೆಲ್ಲ ಕೆಟ್ಟರೆ ಮತ್ತೆ ದೊರೆಯುವುದು ಅದೃಷ್ಟದ ಮಾತು. ಕೀಲಿ ಕೊಡುವ ಹಳೆಯ ಮಾದರಿಗಳ ಮೇಲ್ಗಾಜು ಬಹುಮಟ್ಟಿಗೆ ಗಾಜೇ ಅಲ್ಲ, ಅಕ್ರಿಲಿಕ್. ಅದು 105 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಮತ್ತು ಅದು ಕೇಸಿನಲ್ಲಿ ನಿಂತಿರುವುದು ತನ್ನದೇ ಬಿಗಿತದಿಂದ. ಒಮ್ಮೆ ಬಿಸಿಗೆ ಸಡಿಲಗೊಂಡರೆ ಧೂಳಿಗೂ ತೇವಕ್ಕೂ ದಾರಿ ತೆರೆದಂತೆ. ಕೇಸಿನ ಕ್ರೋಮಿಯಂ ಲೇಪ ಅಲ್ಲಲ್ಲಿ ಚುಕ್ಕೆಯಾಗಿ ಎದ್ದಿದ್ದರೆ ಹಬೆಯ ರಭಸಕ್ಕೆ ಇನ್ನಷ್ಟು ಏಳುತ್ತದೆ. ಮೃದುವಾದ ಒಣಬಟ್ಟೆಯಿಂದ ಒರೆಸಿ. ಬಹಳ ವರ್ಷಗಳಿಂದ ಎಣ್ಣೆ ಕಾಣದ ಯಂತ್ರವಾದರೆ, ಕೀಲಿ ಕೊಟ್ಟು ಓಡಿಸುವ ಮೊದಲು ಒಬ್ಬ ಒಳ್ಳೆಯ ಕೆಲಸಗಾರರ ಕೈಯಲ್ಲಿ ಬಿಚ್ಚಿಸಿ ತೊಳೆಸಿ.

ಠಾಣೆಯ ಧಾರವಾಡದವರು

ಇಬ್ಬರಿಗೂ ಅನಂತ ಧನ್ಯವಾದಗಳು. ಬೋರಮಾಳದ ರಂಧ್ರದಲ್ಲಿ ಕಂದು ಅಂಚು ಸ್ಪಷ್ಟವಾಗಿ ಕಾಣುತ್ತಿದೆ. ಅತ್ತೆಯವರಿಗೆ ತೋರಿಸಿದೆ, ಅವರು ಯಜಮಾನರತ್ತ ಒಮ್ಮೆ ನೋಡಿದರು, ಅಷ್ಟೇ. ಇನ್ನೆರಡು ಸಂದೇಹಗಳಿವೆ. ನವರತ್ನದ ಉಂಗುರದ ಹಿಂಬದಿ ತೆರೆದಿದೆ, ಅರಗಿಲ್ಲ. ಅದನ್ನು ಹಬೆಗೆ ಕೊಡಬಹುದಲ್ಲವೇ? ಬೆಳ್ಳಿಯ ಕಾಲುಂಗುರ ಮತ್ತು ಕುಂಕುಮ ಭರಣಿ ಕಪ್ಪಾಗಿವೆ. ಅವು ಹಬೆಯಿಂದ ಬೆಳ್ಳಗಾಗುತ್ತವೆಯೇ?

ಉತ್ತರ | ಅಂಧೇರಿ ರತ್ನಪರೀಕ್ಷೆ

ನವರತ್ನದ ಉಂಗುರವನ್ನು ಖಂಡಿತ ಕೊಡಬೇಡಿ. ಒಂಬತ್ತು ಹರಳುಗಳಲ್ಲಿ ಅತ್ಯಂತ ದುರ್ಬಲವಾದುದು ಯಾವುದೋ ಅದರ ಮಿತಿಯೇ ಇಡೀ ಉಂಗುರದ ಮಿತಿಯಾಗುತ್ತದೆ, ಮತ್ತು ನವರತ್ನದಲ್ಲಿ ಮೂರು ಹರಳುಗಳು ಹಬೆಗೆ ಆಗದಂಥವು.

ಮುತ್ತು ಮತ್ತು ಹವಳ ಎರಡೂ ಪ್ರಾಣಿಜನ್ಯ. ಎರಡರ ಮೂಲವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಮುತ್ತಿನಲ್ಲಿ ಅದರ ತೆಳುವಾದ ಪದರಗಳ ನಡುವೆ ಒಂದು ಬಗೆಯ ಪ್ರೋಟೀನು ಇರುತ್ತದೆ, ಮತ್ತು ಮುತ್ತಿನ ಒಳಹೊಳಪು ಹುಟ್ಟುವುದು ಈ ಪದರಗಳ ಜೋಡಣೆಯಿಂದ. ತೀವ್ರವಾದ ಬಿಸಿಗೆ ಆ ಪ್ರೋಟೀನು ಒಣಗಿ, ಮೇಲ್ಮೈ ಮಂಕಾಗಿ ಬಿರಿಯುತ್ತದೆ; ಕಳೆದುಹೋದ ಹೊಳಪನ್ನು ಯಾವ ಪಾಲಿಶ್ ಕೂಡ ಮರಳಿಸಲಾರದು. ನಿಮ್ಮ ನತ್ತಿನ ಮುತ್ತುಗಳನ್ನು ಧರಿಸಿ ತೆಗೆದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸುವುದೇ ಅವುಗಳಿಗೆ ಸಲ್ಲುವ ಆರೈಕೆ.

ಪಚ್ಚೆಯ ಕತೆಯೇ ಬೇರೆ. ಪಚ್ಚೆಯಲ್ಲಿ ಹುಟ್ಟಿನಿಂದಲೇ ಸಣ್ಣ ಸೀಳುಗಳಿರುತ್ತವೆ. ಅವು ಕಣ್ಣಿಗೆ ಕಾಣದಿರಲೆಂದು ವ್ಯಾಪಾರದಲ್ಲಿ ಬಹುಪಾಲು ಪಚ್ಚೆಗಳಿಗೆ ದೇವದಾರು ಎಣ್ಣೆಯಂಥ ತೈಲವನ್ನೋ ರಾಳವನ್ನೋ ಕುಡಿಸಿರುತ್ತಾರೆ. ಇದು ಬಹುಕಾಲದಿಂದ ನಡೆದುಬಂದ ಪದ್ಧತಿ. ಮುಚ್ಚುಮರೆಯಿಲ್ಲದೆ ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ. ಹಬೆ ಆ ಎಣ್ಣೆಯನ್ನು ಹೊರಹಾಕುತ್ತದೆ. ಉಂಗುರ ಮನೆಗೆ ಬಂದಾಗ ಚಿನ್ನ ಝಗಝಗಿಸುತ್ತಿರುತ್ತದೆ, ಪಚ್ಚೆಯಲ್ಲಿ ಮಾತ್ರ ಹಿಂದೆ ಕಾಣದಿದ್ದ ಬಿಳಿಯ ಗೆರೆಗಳು ಮೂಡಿರುತ್ತವೆ, ಮತ್ತು ಅಂಗಡಿಯವರು ಹರಳು ಬದಲಾಯಿಸಿದರೆಂದು ಜಗಳ ಹುಟ್ಟುತ್ತದೆ. ಎಣ್ಣೆಯನ್ನು ಮತ್ತೆ ತುಂಬಿಸಬಹುದು, ಆದರೆ ಅದಕ್ಕೆ ತಿಳಿದವರೇ ಬೇಕು.

ಮಾಣಿಕ್ಯದ ಬಗ್ಗೆ ಕಾಳಬಾದೇವಿಯವರು ಹಿಂಬದಿಯ ಕಟ್ಟನ್ನು ನೋಡಲು ಹೇಳಿದ್ದಾರೆ. ಸರಿಯಾದ ಸಲಹೆ, ಆದರೆ ಅಷ್ಟರಿಂದ ಮುಗಿಯುವುದಿಲ್ಲ ಎಂದು ನನ್ನ ಅಭಿಪ್ರಾಯ. ಶುದ್ಧ ಮಾಣಿಕ್ಯ ಹಬೆಯನ್ನು ಸುಲಭವಾಗಿ ತಡೆಯುತ್ತದೆ, ಕಾಯಿಸಿ ಬಣ್ಣ ಸುಧಾರಿಸಿದ ಮಾಣಿಕ್ಯವೂ ತಡೆಯುತ್ತದೆ. ಆದರೆ ಈ ಶತಮಾನದ ಮೊದಲ ದಶಕದಿಂದ ಮಾರುಕಟ್ಟೆಯಲ್ಲಿ ಹೇರಳವಾಗಿರುವುದು, ಬಿರುಕುಗಳಲ್ಲಿ ಸೀಸದ ಗಾಜನ್ನು ತುಂಬಿದ ಮಾಣಿಕ್ಯ. ಆ ಗಾಜಿಗೆ ಬೆಸುಗೆಯ ಶಾಖ, ಆಮ್ಲ, ಕೊನೆಗೆ ನಿಂಬೆರಸವೂ ಶತ್ರು. ತೆರೆದ ಕಟ್ಟಿನಲ್ಲಿದ್ದರೂ ಅಂಥದನ್ನು ಹಬೆಗೆ ಕೊಡುವ ಧೈರ್ಯ ನಾನು ಮಾಡುವುದಿಲ್ಲ. ಹಳೆಯ ಕಾಲದ ಕೆಂಪಿಗೆ ಈ ಸಂದೇಹ ಬೇಡ. ಇತ್ತೀಚೆಗೆ ಅಗ್ಗವಾಗಿ ಕೊಂಡ, ದೊಡ್ಡ ಗಾತ್ರದ ಮಾಣಿಕ್ಯಕ್ಕೆ ಈ ಸಂದೇಹ ಬೇಕೇ ಬೇಕು. ಬಿರುಕು ತುಂಬಿಸಿದ ವಜ್ರಗಳೂ ಇರುತ್ತವೆ; ಪ್ರಮಾಣಪತ್ರವಿದ್ದರೆ ಚಿಕಿತ್ಸೆಯ ಸಾಲನ್ನು ಓದಿಕೊಳ್ಳಿ. ಕ್ಷೀರಸ್ಫಟಿಕ ಎಂದು ಕರೆಯುವ ಓಪಲ್, ಟಾಂಜನೈಟ್, ಫಿರೋಜಾ ಈ ಮೂರನ್ನೂ ಯಂತ್ರದಿಂದ ದೂರವಿಡಿ: ಓಪಲ್‌ನ ರಚನೆಯಲ್ಲಿಯೇ ನೀರಿದೆ, ಟಾಂಜನೈಟ್ ಉಷ್ಣತೆಯ ಏರುಪೇರಿಗೆ ಒಡೆಯುತ್ತದೆ, ಫಿರೋಜಾಕ್ಕೆ ಹೆಚ್ಚಾಗಿ ಮೇಣ ಅಥವಾ ರಾಳ ಕುಡಿಸಿರುತ್ತಾರೆ.

ಉತ್ತರ | ಗೋರೆಗಾಂವ್ ರಸಾಯನ ಮೇಷ್ಟ್ರು

ಬೆಳ್ಳಿಯ ಪ್ರಶ್ನೆಗೆ ಉತ್ತರ: ಇಲ್ಲ, ಹಬೆಯಿಂದ ಕಪ್ಪು ಹೋಗುವುದಿಲ್ಲ. ಅದು ಕೊಳೆಯಲ್ಲ, ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳೊಡನೆ ಬೆಳ್ಳಿ ಸೇರಿ ಆದ ಸಿಲ್ವರ್ ಸಲ್ಫೈಡ್ ಪದರ. ಹಬೆ ಜಿಡ್ಡನ್ನು ಕರಗಿಸಬಲ್ಲದು, ಸಲ್ಫೈಡನ್ನು ಮುಟ್ಟಲಾರದು. ಅಲ್ಯೂಮಿನಿಯಂ ಹಾಳೆ ಹಾಸಿದ ಗಾಜಿನ ಪಾತ್ರೆಯಲ್ಲಿ ಬಿಸಿನೀರು ಹಾಕಿ, ಅಡುಗೆ ಸೋಡಾ ಕಲಸಿ, ಬೆಳ್ಳಿ ಆ ಹಾಳೆಗೆ ತಾಗುವಂತೆ ಇಟ್ಟರೆ ಗಂಧಕವು ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಮ್ಮಿಗೆ ಸೇರುತ್ತದೆ, ಬೆಳ್ಳಿ ಸವೆಯದೆ ಬಿಳುಪಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಬಂದರೆ ಗಾಬರಿಯಾಗಬೇಡಿ. ಆದರೆ ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಬೆಳ್ಳಿಯನ್ನೂ ಹರಳು ಅಥವಾ ಅರಗು ಇರುವ ಬೆಳ್ಳಿಯನ್ನೂ ಅದರಲ್ಲಿ ಹಾಕಬಾರದು. ನುಣ್ಣನೆಯ ಭರಣಿಗಾದರೆ ನಮ್ಮ ಕಡೆ ರೂಢಿಯಲ್ಲಿರುವಂತೆ ಜರಡಿ ಹಿಡಿದ ವಿಭೂತಿಯೇ ಸಾಕಾಗಬಹುದು; ಹೆಚ್ಚು ತಿಕ್ಕದಿದ್ದರೆ ಸರಿ.

ಮನೆಗೆ ಯಂತ್ರ ತರಿಸುವ ವಿಚಾರದಲ್ಲಿ ನಾನು ಅತ್ತೆಯವರ ಪಕ್ಷ. ಬಟ್ಟೆಯ ಸುಕ್ಕು ತೆಗೆಯುವ ಸ್ಟೀಮರುಗಳಲ್ಲಿ ಒತ್ತಡ ಬಹಳ ಕಡಿಮೆ, ಹಬೆಯೊಡನೆ ನೀರಿನ ಹನಿಗಳೂ ಚಿಮ್ಮುತ್ತವೆ; ಅದು ಒಡವೆಯನ್ನು ಒದ್ದೆ ಮಾಡುತ್ತದೆಯೇ ಹೊರತು ಸಂದಿಯ ಜಿಡ್ಡನ್ನು ತಳ್ಳುವುದಿಲ್ಲ. ಕುಕ್ಕರಿನ ಸೀಟಿಯ ಮೇಲೆ ಉಂಗುರ ಹಿಡಿಯುವವರಿಗಂತೂ ಏನು ಹೇಳಬೇಕೋ ತಿಳಿಯದು. ಸಾಕಷ್ಟು ಒತ್ತಡವಿರುವ ಯಂತ್ರವನ್ನೇ ಕೊಂಡರೆ ಸುಟ್ಟಗಾಯದ ಭಯ ನಿಜವಾದದ್ದು. ಒಂದು ಗ್ರಾಂ ಕುದಿಯುವ ನೀರು ಚರ್ಮಕ್ಕೆ ತಾಗಿ 37 ಡಿಗ್ರಿಗೆ ಇಳಿಯುವಾಗ ಸುಮಾರು 260 ಜೂಲ್ ಶಾಖವನ್ನು ಬಿಡುತ್ತದೆ. 100 ಡಿಗ್ರಿಯ ಒಂದು ಗ್ರಾಂ ಹಬೆ ಬರಿಯ ನೀರಾಗುವುದಕ್ಕೇ 2257 ಜೂಲ್ ಬಿಟ್ಟು, ಆ ಮೇಲೆ ಅದೇ 260ನ್ನೂ ಸೇರಿಸುತ್ತದೆ. ಕಸುಬುದಾರರು ಒಡವೆಯನ್ನು ಬೆರಳಿನಲ್ಲಿ ಹಿಡಿಯದೆ ಚಿಮಟದಲ್ಲಿ ಹಿಡಿಯುವುದು ಇದಕ್ಕಾಗಿಯೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಯಂತ್ರ ಬೇಡವೇ ಬೇಡ.

ನೀರಿನ ಮಾತನ್ನೂ ಹೇಳಿಬಿಡುತ್ತೇನೆ. ತಾನಸಾ, ವೈತರಣಾ, ಭಾತಸಾ ಜಲಾಶಯಗಳಿಂದ ಬರುವ ಮುಂಬಯಿಯ ನಲ್ಲಿ ನೀರು ಮೆದುವಾದದ್ದೇ. ಆದರೆ ಉಪನಗರಗಳ ಎಷ್ಟೋ ಸೊಸೈಟಿಗಳಲ್ಲಿ ಕೊಳವೆಬಾವಿಯ ಅಥವಾ ಟ್ಯಾಂಕರಿನ ನೀರು ಬೆರೆಯುತ್ತದೆ. ಅಂಥ ಗಡಸು ನೀರು ಯಂತ್ರದ ಪಾತ್ರೆಯಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಹಬೆಯೊಡನೆ ಚಿಮ್ಮಿದ ಹನಿಗಳು ಒಡವೆಯ ಮೇಲೆ ಬಿಳಿಯ ಚುಕ್ಕೆಗಳಾಗಿ ಒಣಗುತ್ತವೆ. ಯಂತ್ರದ ಕೈಪಿಡಿ ಹೇಳಿದ ನೀರನ್ನೇ ಹಾಕಬೇಕು.

ನಿಮ್ಮ ಪಟ್ಟಿಯಲ್ಲಿ ಹಬೆಗೆ ನಿಜವಾಗಿ ಯೋಗ್ಯವಾಗಿ ಉಳಿದಿರುವುದು ಬೆಂಡೋಲೆ ಮತ್ತು ಗಡಿಯಾರದ ಪಟ್ಟಿ. ಅವೆರಡಕ್ಕಾಗಿ ಯಂತ್ರ ಕೊಳ್ಳುವುದಕ್ಕಿಂತ ಅಂಗಡಿಗೆ ಹೋಗಿಬರುವುದು ಮೇಲಲ್ಲವೇ?

ಠಾಣೆಯ ಧಾರವಾಡದವರು

ಯಂತ್ರದ ವಿಚಾರ ಸದ್ಯಕ್ಕೆ ನಿಂತಿದೆ. ಗಡಿಯಾರದವರಿಗೆ ಕೊನೆಯ ಒಂದು ಪ್ರಶ್ನೆ: ಉಕ್ಕಿನ ಗಡಿಯಾರವನ್ನು ಹೋದ ಮಳೆಗಾಲದಲ್ಲಿ ಒಮ್ಮೆ ಬ್ಯಾಟರಿ ಬದಲಿಸಲೆಂದು ತೆರೆಸಿದ್ದೆವು. ಒಳಗೆ ಈಗಾಗಲೇ ತೇವ ಸೇರಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ | ಪುಣೆ ಗಡಿಯಾರ ರಿಪೇರಿ

ಅದಕ್ಕೆ ಗಡಿಯಾರದ ಮಾನದಂಡಗಳಲ್ಲಿಯೇ ಒಂದು ಸರಳ ಪರೀಕ್ಷೆಯಿದೆ. ಗಡಿಯಾರವನ್ನು 40ರಿಂದ 45 ಡಿಗ್ರಿಗೆ ಬಿಸಿ ಮಾಡಿದ ಲೋಹದ ಹಲಗೆಯ ಮೇಲೆ, ಅದೂ ಅಷ್ಟೇ ಬಿಸಿಯಾಗುವವರೆಗೆ ಇಟ್ಟು, ಗಾಜಿನ ಮೇಲೆ ಸಾಧಾರಣ ತಂಪಿನ ಒಂದು ಹನಿ ನೀರನ್ನು ಹಾಕುತ್ತಾರೆ. ಸುಮಾರು ಒಂದು ನಿಮಿಷ ಬಿಟ್ಟು ಹನಿಯನ್ನು ಒರೆಸಿದಾಗ ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ಒಳಗೆ ತೇವವಿದೆ ಎಂದರ್ಥ. ಹಲಗೆಯ ಬಿಸಿಯನ್ನು ಅಳೆಯುವ ಸಾಧನವಿಲ್ಲದೆ ಇದನ್ನು ದೋಸೆಯ ಹಂಚಿನ ಮೇಲೆ ಮಾಡಲು ಹೋಗಬೇಡಿ. ಬ್ಯಾಟರಿಯ ಮಿತಿ 60 ಡಿಗ್ರಿ ಎಂಬುದು ನೆನಪಿರಲಿ. ಪರೀಕ್ಷೆಯನ್ನು ಅಂಗಡಿಯಲ್ಲಿಯೇ ಮಾಡಿಸಿ, ಮತ್ತು ಬ್ಯಾಟರಿ ಬದಲಿಸಿದಾಗ ಹಿಂಬದಿಯ ರಬ್ಬರ್ ಬಳೆಯನ್ನೂ ಬದಲಿಸಿದ್ದರೇ ಎಂದು ರಸೀದಿಯಲ್ಲಿ ನೋಡಿಕೊಳ್ಳಿ. ಬದಲಿಸಿರದಿದ್ದರೆ ಆ 10 ಬಾರ್ ಎಂಬ ಬರಹವನ್ನು ನಂಬಿ ಗಡಿಯಾರವನ್ನು ನಲ್ಲಿಯ ಕೆಳಗೂ ಹಿಡಿಯಬೇಡಿ. ಪಟ್ಟಿಯನ್ನು ಅದೇ ಭೇಟಿಯಲ್ಲಿ ಬಿಚ್ಚಿಸಿ ಹಬೆಗೆ ಕೊಡಬಹುದು. ಮರಳಿ ಜೋಡಿಸಿದ ಮೇಲೆ ಕೊಂಡಿಗಳ ಸ್ಕ್ರೂ ಮತ್ತು ಪಿನ್ನುಗಳು ಬಿಗಿಯಾಗಿವೆಯೇ ಎಂದು ಅಲ್ಲಿಯೇ ಎಳೆದು ನೋಡಿ ತನ್ನಿ.